ಚಿಕ್ಕ ಕೋಣೆ, ತುಂಬ ಬಣ್ಣ: ಮಾಡಿ ನೋಡಿದವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲೆಯ ಕೊನೆ ವರ್ಷದಲ್ಲಿ ಓದುತ್ತಿದ್ದೇನೆ. ಪ್ರದರ್ಶನಕ್ಕೆ ನನಗೆ 10 ಅಡಿ ಅಗಲ, 14 ಅಡಿ ಉದ್ದದ ಒಂದು ಕೋಣೆ ಸಿಕ್ಕಿದೆ. ಒಳಗೆ ಬಂದವರಿಗೆ ಗೋಡೆ ಎಲ್ಲಿದೆ ಅಂತಲೇ ಗೊತ್ತಾಗಬಾರದು. ಬಣ್ಣದೊಳಗೆ ನಿಂತ ಹಾಗೆ ಅನ್ನಿಸಬೇಕು. ಕೈಯಲ್ಲಿರುವುದು 20 ಸಾವಿರ ರೂಪಾಯಿ. ಎಲ್ಲ ಗೋಡೆಗೂ ನೀಲಿ ಹೊಡೆದರೆ ಕೋಣೆ ದೊಡ್ಡದಾಗಿ ಕಾಣುತ್ತದೆ ಅಂತಾರೆ. ನಿಜವಾ?

ಹುಬ್ಬಳ್ಳಿಯಿಂದ ಬಂದ ಉತ್ತರ

ನೀಲಿ ಹೊಡೆದು ನೋಡಿದವನು ನಾನು. ಮೂರು ಕೋಟ್ ಹೊಡೆದೆ. ಕೋಣೆ ದೊಡ್ಡದಾಗಲಿಲ್ಲ. ನೀಲಿ ಕೋಣೆ ಆಯಿತು, ಅಷ್ಟೆ.

ತೊಂದರೆ ಇದ್ದದ್ದು ಮೂಲೆಯಲ್ಲಿ. ಬೆಳಕು ಒಂದು ಗೋಡೆಗೆ ಜಾಸ್ತಿ ಬೀಳುತ್ತದೆ, ಪಕ್ಕದ ಗೋಡೆಗೆ ಕಡಿಮೆ. ಎರಡೂ ಸೇರುವ ಕಡೆ ಗೆರೆ ಏಳುತ್ತದೆ. ಆ ಗೆರೆ ಕಂಡರೆ ಸಾಕು, ಕಣ್ಣು ಕೋಣೆಯ ಅಳತೆ ಹಿಡಿದುಬಿಡುತ್ತದೆ. ನೀಲಿ ದೂರ, ಕೆಂಪು ಹತ್ತಿರ ಕಾಣುತ್ತದೆ ಅನ್ನುವ ಮಾತು ಸುಳ್ಳಲ್ಲ. ಆದರೆ ಒಂದು ಗೆರೆಯ ಮುಂದೆ ಅದರ ಆಟ ನಡೆಯುವುದಿಲ್ಲ.

ಅಮೆರಿಕದ ಕಲಾವಿದ ಜೇಮ್ಸ್ ಟರೆಲ್ ಅವರ ಗಾನ್ಸ್‌ಫೆಲ್ಡ್ ಕೋಣೆಗಳ ಚಿತ್ರ ನೋಡಿ. ಅಲ್ಲಿ ಗೋಡೆಗೆ ಬಣ್ಣವೇ ಇಲ್ಲ, ಬಿಳಿ. ಬಣ್ಣ ಪೂರ್ತಿ ಬೆಳಕಿನದು. ನೆಲ, ಗೋಡೆ, ಸೂರು ಬಾಗಿ ಒಂದಕ್ಕೊಂದು ಸೇರುತ್ತವೆ. ಹಿಡಿದುಕೊಳ್ಳಲು ಕಣ್ಣಿಗೆ ಏನೂ ಸಿಗುವುದಿಲ್ಲ. ಹಾಗಾಗಿಯೇ ಕೊನೆಯಿಲ್ಲದ ಮಂಜಿನ ಮುಂದೆ ನಿಂತಂತೆ ಆಗುತ್ತದೆ.

ನಿಮ್ಮ ದುಡ್ಡಿಗೆ ಇಡೀ ಕೋಣೆ ಬೇಡ. ಎದುರಿನ ಗೋಡೆ ಒಂದು ಸಾಕು. ಫೋಟೋ ಸ್ಟುಡಿಯೋದಲ್ಲಿ ಬಿಳಿ ಪೇಪರ್ ರೋಲನ್ನು ಮೇಲಿನಿಂದ ನೆಲದವರೆಗೆ ಬಾಗಿಸಿ ಬಿಡುತ್ತಾರಲ್ಲ, ಹಾಗೆ ಮಾಡಿ. ಅಕ್ಕಪಕ್ಕದ ಮೂಲೆಗೆ ಬಾಗುವ ಪ್ಲೈವುಡ್ ಕೂರಿಸಿ. ಮೇಲೆ ಬಿಳಿ ಡಿಸ್ಟೆಂಪರ್. ಎನಾಮೆಲ್ ಬೇಡವೇ ಬೇಡ, ಹೊಳಪು ಬಂದರೆ ಗೋಡೆ ಇದೆ ಅಂತ ಅದೇ ಕೂಗಿ ಹೇಳುತ್ತದೆ.

ಮೈಸೂರಿನಿಂದ, ನಾಟಕಕ್ಕೆ ಲೈಟಿಂಗ್ ಮಾಡುವವನು

ನೋಡಮ್ಮಾ, ಮೇಲಿನವರು ಹೇಳಿದ್ದು ಸರಿ. ಬಿಳಿ ಗೋಡೆ, ಬಣ್ಣದ ಬೆಳಕು. ಎಲ್‌ಇಡಿ ಪಾರ್ ಲೈಟು, ಅಂದರೆ ವೇದಿಕೆಗೆ ಬಣ್ಣದ ಬೆಳಕು ಬಿಡುವ ದೀಪ, ಬಾಡಿಗೆಗೆ ತಗೋ. ದೀಪ ಯಾರ ಕಣ್ಣಿಗೂ ಬೀಳಬಾರದು. ಬಾಗಿಲ ಕಡೆ ಒಂದು ಅಡ್ಡ ಹಲಗೆ ಕಟ್ಟಿ ಅದರ ಮರೆಯಿಂದ ಬಿಡು.

ಒಂದು ವಿಷಯದಲ್ಲಿ ನಾನು ಎಡವಿದ್ದೆ, ನೀನು ಎಡವಬೇಡ. 2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂನಲ್ಲಿ ಕಲಾವಿದ ಓಲಾಫುರ್ ಎಲಿಯಾಸನ್ ದೊಡ್ಡ ಸೂರ್ಯನನ್ನು ಮಾಡಿದ್ದರು. ಅಲ್ಲಿದ್ದದ್ದು ಒಂದೇ ತರಂಗದ, ಅಂದರೆ ಬೇರೆ ಬಣ್ಣ ಬೆರೆಯದ ಹಳದಿ ದೀಪಗಳು. ಆ ಬೆಳಕಿನಲ್ಲಿ ಬೇರೆ ಬಣ್ಣವೇ ಉಳಿಯುವುದಿಲ್ಲ. ಜನ, ಬಟ್ಟೆ, ಮುಖ ಎಲ್ಲ ಹಳದಿ ಮತ್ತು ಕಪ್ಪು. ಇದನ್ನು ನೋಡಿ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಎಲ್‌ಇಡಿಯಲ್ಲಿ ಹಳದಿ ಹಾಕಿದೆವು. ಕೆಂಪು ಶರ್ಟ್ ತೊಟ್ಟವರೊಬ್ಬರು ಒಳಗೆ ಬಂದರು, ಶರ್ಟ್ ಕೆಂಪಾಗಿಯೇ ಇತ್ತು. ಆ ಹುಡುಗನ ಮುಖ ಬಾಡಿಹೋಯಿತು.

ಯಾಕೆ ಹೀಗಾಯಿತು? ಅಂಥ ಎಲ್‌ಇಡಿಯಲ್ಲಿ ಹಳದಿ ಅಂದರೆ ಕೆಂಪು, ಹಸಿರು ಎರಡೂ ಉರಿಯುವುದು. ನಮ್ಮ ಕಣ್ಣಿಗೆ ಹಳದಿ ಅನ್ನಿಸಿದರೂ ಒಳಗೆ ಕೆಂಪು ಇದ್ದೇ ಇದೆ. ಉಳಿದ ಬಣ್ಣ ಸಾಯಬೇಕು ಅಂದರೆ ಕೆಂಪೊಂದನ್ನೇ ಉರಿಸು, ಇಲ್ಲ ಹಸಿರು, ಇಲ್ಲ ನೀಲಿ. ಬೆರಕೆ ಬೇಡ.

ಡೆನ್ಮಾರ್ಕ್‌ನಿಂದ

ನಾನು ಕಲಾವಿದೆ ಅಲ್ಲ, ಬರೀ ನೋಡುವವಳು. ಇಲ್ಲಿ ಆರ್ಹುಸ್ ಊರಿನ ಆರೋಸ್ ಮ್ಯೂಸಿಯಂ ಮೇಲೆ ಅದೇ ಎಲಿಯಾಸನ್ ಅವರ ಬಣ್ಣದ ಗಾಜಿನ ಓಣಿ ಇದೆ. ಗುಂಡಗೆ 150 ಮೀಟರ್ ಉದ್ದ. 2011ರಲ್ಲಿ ತೆರೆದದ್ದು. ನಡೆಯುತ್ತಾ ಹೋದರೆ ಊರೇ ಕೆಂಪಾಗುತ್ತದೆ, ಹಳದಿಯಾಗುತ್ತದೆ, ಹಸಿರಾಗುತ್ತದೆ.

ನನಗೆ ಅಲ್ಲಿ ತಿಳಿದದ್ದು ಇಷ್ಟು. ಕೆಂಪಿನಲ್ಲಿ ಸುಮ್ನೆ ನಿಂತರೆ ಸ್ವಲ್ಪ ಹೊತ್ತಿಗೆ ಕೆಂಪು ಸಪ್ಪೆಯಾಗುತ್ತದೆ. ಕಣ್ಣು ಒಗ್ಗಿಕೊಳ್ಳುತ್ತದೆ. ಅಲ್ಲಿಂದ ಮುಂದಿನ ಬಣ್ಣಕ್ಕೆ ಕಾಲಿಟ್ಟಾಗ ಮಾತ್ರ ಆ ಬಣ್ಣ ಮೈಮೇಲೆ ಬಂದ ಹಾಗೆ ಆಗುತ್ತದೆ. ಒಂದು ಬಣ್ಣ ಹೇಗೆ ಕಾಣುತ್ತದೆ ಅನ್ನುವುದು ಅದಕ್ಕಿಂತ ಮುಂಚೆ ಏನು ನೋಡಿದ್ದೀರಿ ಅನ್ನುವುದರ ಮೇಲೆ ನಿಂತಿದೆ ಅಲ್ವಾ?

ಅಮೆರಿಕದ ಕಲಾವಿದ ಬ್ರೂಸ್ ನೌಮನ್ ಅವರು 1970ರಲ್ಲಿ ಮಾಡಿದ ಹಸಿರು ಬೆಳಕಿನ ಓಣಿಯೂ ಹಾಗೇ. ಮೈ ಅಡ್ಡ ಮಾಡಿಕೊಂಡೇ ದಾಟಬೇಕಾದಷ್ಟು ಕಿರಿದು. ಹೊರಗೆ ಬಂದ ಮೇಲೆ ಲೋಕ ಗುಲಾಬಿ ಕಾಣುತ್ತದೆ. ನಿಮ್ಮ 14 ಅಡಿಯಲ್ಲಿ ಮೊದಲ 4 ಅಡಿ ಬಿಟ್ಟುಕೊಟ್ಟು ಅಲ್ಲೊಂದು ಹಸಿರು ಓಣಿ ಮಾಡಿ. ಅದನ್ನು ದಾಟಿ ಬಂದವರಿಗೆ ಒಳಗಿನ ಕೆಂಪು ಎರಡರಷ್ಟು ಹೊಡೆಯುತ್ತದೆ. ಬಾಗಿಲಿನಿಂದ ನೇರ ಬಿಸಿಲು ಬರುವ ಕೋಣೆಯಾದರೆ ಈ ಓಣಿ ಇಲ್ಲದೆ ಏನೂ ನಡೆಯದು.

ಶಿವಮೊಗ್ಗದಿಂದ

ಬೆಳಕಿಲ್ಲದೆಯೂ ಬಣ್ಣ ಜಾಗವನ್ನು ಆಳುತ್ತದೆ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರನ್ನು ನೋಡಿ. ಸೂಜಿಗಳಿಗೆ ಪೋಣಿಸಿದ ದಾರಗಳನ್ನು ಒಟ್ಟು ಮಾಡಿ, ಕುಂಕುಮ ಮತ್ತು ಅಂಟು ಹಚ್ಚಿ, ಕೆಂಪು ಹಗ್ಗ ಮಾಡಿ ಗೋಡೆ, ನೆಲದ ಮೇಲೆಲ್ಲ ಹರಿಯಬಿಟ್ಟರು. ಕೊನೆಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಗೋಡೆ ಬಿಳಿಯೇ. ಆದರೂ ಆ ಕೋಣೆಯಲ್ಲಿ ಎಲ್ಲಿ ಕಾಲಿಡಬೇಕು ಅನ್ನುವುದನ್ನು ಕೆಂಪೇ ಹೇಳುತ್ತದೆ. ಪೇಂಟಿನ ಕೆಂಪು ಬೇರೆ, ಕುಂಕುಮದ ಕೆಂಪು ಬೇರೆ. ನಿಮ್ಮ ಬಣ್ಣ ಯಾವ ವಸ್ತುವಿನದು ಅಂತ ಒಮ್ಮೆ ಯೋಚಿಸಿ.

ಮಂಗಳೂರಿನಿಂದ

ನೆಲವನ್ನು ಮಾತ್ರ ಮಾಯ ಮಾಡಬೇಡಿ, ಕೈ ಮುಗಿದು ಹೇಳುತ್ತೇನೆ. ನಾನು ಮಾಡಿದ ಕೋಣೆಯಲ್ಲಿ ನೆಲವೂ ಗೋಡೆಯೂ ಒಂದೇ ಬಿಳಿ, ಒಂದೇ ಬೆಳಕು. ವಯಸ್ಸಾದ ಒಬ್ಬರು ತಲೆ ತಿರುಗಿ ಕುಸಿದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1980ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಟರೆಲ್ ಅವರ ಬೆಳಕನ್ನೇ ಗೋಡೆ ಅಂದುಕೊಂಡು ಒರಗಲು ಹೋಗಿ ಬಿದ್ದವರಿದ್ದಾರೆ. ವಿಷಯ ಕೋರ್ಟಿಗೂ ಹೋಯಿತು. ನಡೆಯುವ ಜಾಗಕ್ಕೆ ಒರಟಾದ ಬೂದು ಚಾಪೆ ಹಾಸಿ. ಒಂದು ಸಲಕ್ಕೆ ಮೂರೇ ಜನ. ಬಾಗಿಲಲ್ಲಿ ಯಾರಾದರೂ ನಿಂತಿರಲಿ.

ಕೇಳಿದವಳು ನಾನೇ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ತುಂಬ ಥ್ಯಾಂಕ್ಸ್. ನೀಲಿ ಪೇಂಟ್ ತರುವುದನ್ನು ನಿಲ್ಲಿಸಿದ್ದೇನೆ. ನಿನ್ನೆ ರಾತ್ರಿ ಶೂ ಡಬ್ಬಿಯೊಳಗೆ ಡ್ರಾಯಿಂಗ್ ಶೀಟ್ ಬಾಗಿಸಿ ಅಂಟಿಸಿದೆ. ಮೊಬೈಲ್ ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ ಮೇಲಿನಿಂದ ಬಿಟ್ಟೆ. ಪಕ್ಕದ ತೂತಿನಿಂದ ಅಮ್ಮನಿಗೆ ತೋರಿಸಿದೆ. ಎಷ್ಟು ಉದ್ದ ಇದೆ ಹೇಳಮ್ಮಾ ಅಂದೆ. ಅವರು ತೂತಿನಿಂದ ಕಣ್ಣು ತೆಗೆದು, ಡಬ್ಬಿಯನ್ನು ಹೊರಗಿನಿಂದ ಒಮ್ಮೆ ನೋಡಿ, ಮತ್ತೆ ಒಳಗೆ ನೋಡಿದರು.

ಇನ್ನೊಂದು ಕೇಳಬೇಕು. ದಾವಣಗೆರೆ ಕಡೆ ಪಾರ್ ಲೈಟು ವಾರದ ಬಾಡಿಗೆಗೆ ಕೊಡುವವರು ಯಾರಿಗಾದರೂ ಗೊತ್ತಾ?