ಟೋಕಮಾಕ್‌ನಲ್ಲಿ ಪ್ಲಾಸ್ಮಾ ಪ್ರವಾಹವನ್ನು ಏರಿಸುತ್ತಲೇ ಹೋಗಬಾರದೇಕೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಬೆಳಗಾವಿ):

ವಿಭಾಗದ ವಿಚಾರಸಂಕಿರಣಕ್ಕೆ ಸಮ್ಮಿಳನ ಪ್ಲಾಸ್ಮಾದ ಅಸ್ಥಿರತೆಗಳನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಓದಿದಂತೆಲ್ಲ ಒಂದು ಸಂಗತಿ ಬಗೆಹರಿಯದೆ ಉಳಿದಿದೆ. ಪ್ಲಾಸ್ಮಾವನ್ನು, ಅಂದರೆ ಅತಿ ಬಿಸಿಯಾದ ಅಯಾನೀಕೃತ ಅನಿಲವನ್ನು, ಕಾಂತಕ್ಷೇತ್ರದಿಂದ ಉಂಗುರದಂತೆ ಹಿಡಿದಿಡುವ ಟೋಕಮಾಕ್ ಯಂತ್ರದಲ್ಲಿ, ಪ್ಲಾಸ್ಮಾದೊಳಗೆ ಹರಿಯುವ ವಿದ್ಯುತ್ಪ್ರವಾಹ ಹೆಚ್ಚಿದಷ್ಟೂ ಶಕ್ತಿ ಹೆಚ್ಚು ಹೊತ್ತು ಒಳಗುಳಿಯುತ್ತದೆ; ಗ್ರೀನ್‌ವಾಲ್ಡ್ ಅವರು 1988ರಲ್ಲಿ ಕೊಟ್ಟ ಸಾಂದ್ರತೆಯ ಮಿತಿಯೂ, ಟ್ರೊಯೊನ್ ಅವರು 1984ರಲ್ಲಿ ಕೊಟ್ಟ ಒತ್ತಡದ ಮಿತಿಯೂ ಪ್ರವಾಹದ ಜೊತೆಗೇ ಮೇಲೇರುತ್ತವೆ. ಮೂರೂ ಅದನ್ನೇ ಬೇಡುತ್ತಿರುವಾಗ, ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಅಂತರರಾಷ್ಟ್ರೀಯ ಟೋಕಮಾಕ್ ಐಟರ್‌ನ ವಿನ್ಯಾಸ 15 ಮೆಗಾಆಂಪಿಯರಿಗೇ ನಿಂತಿರುವುದೇಕೆ?

ಉತ್ತರ 1 (ಭೌತಶಾಸ್ತ್ರ ಅಧ್ಯಾಪಕ, ವಿಜಯಪುರ):

ತಡೆಯುವುದು ಸುರಕ್ಷತಾ ಅಂಶ, ಅಂದರೆ ಕ್ಯು. ಒಂದು ಕಾಂತರೇಖೆ ಅಡ್ಡಸುತ್ತನ್ನು (ಉಂಗುರದ ಅಡ್ಡಕೊಯ್ತದ ಸುತ್ತ) ಒಮ್ಮೆ ಮುಗಿಸುವಷ್ಟರಲ್ಲಿ ಉದ್ದಸುತ್ತನ್ನು (ಇಡೀ ಉಂಗುರದ ಗುಂಟ) ಎಷ್ಟು ಬಾರಿ ಹಾಕುತ್ತದೆ ಎಂಬುದೇ ಕ್ಯು. ಪ್ರವಾಹ ಹೆಚ್ಚಿದಷ್ಟೂ ರೇಖೆಗಳ ತಿರುಚು ಬಿಗಿಯಾಗಿ ಅದು ಇಳಿಯುತ್ತದೆ. ಕ್ರುಸ್ಕಾಲ್–ಶಫ್ರಾನೋವ್ ನಿಯಮದಂತೆ ಅಂಚಿನಲ್ಲಿ ಅದು 1ಕ್ಕಿಂತ ಮೇಲಿದ್ದರೆ ಸಾಕು. ಪ್ರಯೋಗದಲ್ಲಿ 2ರ ಹತ್ತಿರ ಬಂದರೂ ಪ್ಲಾಸ್ಮಾ ಸುರುಳಿಯಂತೆ ಬಾಗುವ ಬಾಹ್ಯ ಕಿಂಕ್ ಅಸ್ಥಿರತೆ ಎದ್ದು ಪ್ಲಾಸ್ಮಾ ಸಾಮಾನ್ಯವಾಗಿ ಕುಸಿಯುತ್ತದೆ. 2ರಲ್ಲಿ ಏನು ವಿಶೇಷ ಎಂದರೆ, ಅಲ್ಲಿ ಕಾಂತರೇಖೆ ಎರಡು ಉದ್ದಸುತ್ತು ಹಾಕಿ ತನ್ನನ್ನೇ ಬಂದು ಸೇರುತ್ತದೆ. ಅದೇ ತಿರುಚಿನ ಕದಲಿಕೆಯೊಂದು ಹುಟ್ಟಿದರೆ ರೇಖೆಯನ್ನು ಬಗ್ಗಿಸುವ ಶ್ರಮವೇ ಅದಕ್ಕೆ ಬೀಳುವುದಿಲ್ಲ. ಹಿಂದಕ್ಕೆ ಎಳೆಯಬೇಕಾದ ಕಾಂತೀಯ ಬಿಗಿತ ಅಲ್ಲಿ ಸುಮ್ಮನಾಗುತ್ತದೆ.

ಐಟರ್‌ನ ಅಳತೆಗಳನ್ನೇ ಹಾಕಿ ನೋಡಿ: ದೊಡ್ಡ ತ್ರಿಜ್ಯ 6.2 ಮೀಟರ್, ಸಣ್ಣ ತ್ರಿಜ್ಯ 2 ಮೀಟರ್, ಕಾಂತಕ್ಷೇತ್ರ 5.3 ಟೆಸ್ಲಾ. ಅಡ್ಡಕೊಯ್ತ ವೃತ್ತವೇ ಆಗಿದ್ದರೆ 15 ಮೆಗಾಆಂಪಿಯರಿನಲ್ಲಿ ಕ್ಯು ಸುಮಾರು 1.1 ಮಾತ್ರ. ಅದನ್ನು ಮೇಲೆ-ಕೆಳಗೆ ಎಳೆದು ತುಸು ತ್ರಿಕೋನವಾಗಿಸಿರುವುದರಿಂದ ಅಂಚಿನ ಮೌಲ್ಯ 3ರ ಹತ್ತಿರ ನಿಲ್ಲುತ್ತದೆ. ಆಕಾರವೂ ಕ್ಷೇತ್ರವೂ ಬದಲಾಗದೆ ಪ್ರವಾಹವೊಂದೇ ಒಂದೂವರೆ ಪಟ್ಟಾದರೆ 2 ಬಂತೆಂದೇ ಲೆಕ್ಕ. ಇನ್ನಷ್ಟು ಎಳೆಯೋಣವೆಂದರೆ, ಉದ್ದವಾದ ಪ್ಲಾಸ್ಮಾ ಲಂಬ ದಿಕ್ಕಿನಲ್ಲಿ ಜಾರತೊಡಗುತ್ತದೆ. ಕ್ಷಣಕ್ಷಣವೂ ಸುರುಳಿಗಳಿಂದ ತಿದ್ದುತ್ತಿರಬೇಕಾಗುತ್ತದೆ.

ಕುಸಿತವನ್ನು ಹಗುರವಾಗಿ ಕಾಣಬೇಡಿ. ಉಷ್ಣಶಕ್ತಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಗೋಡೆಗೆ ಬಡಿಯುತ್ತದೆ, ಆಮೇಲೆ ಪ್ರವಾಹ ಬಿದ್ದುಹೋಗುವಾಗ ಬೆಳಕಿನ ವೇಗದ ಹತ್ತಿರ ಓಡುವ ಎಲೆಕ್ಟ್ರಾನುಗಳ ಕಿರಣ ಹುಟ್ಟಬಹುದು. ಪ್ರವಾಹ ಹೆಚ್ಚಿದ್ದಷ್ಟೂ ಆ ಅಪಾಯ ಬಹಳ ವೇಗವಾಗಿ ಬೆಳೆಯುತ್ತದೆ.

ಉತ್ತರ 2 (ಎಂಜಿನಿಯರ್, ಬಾಗಲಕೋಟೆ):

ಅಧ್ಯಾಪಕರ ಮಾತಿಗೆ ಎರಡು ಸೇರಿಸುತ್ತೇನೆ. ಟ್ರೊಯೊನ್ ಮಿತಿಯನ್ನು ಮುಟ್ಟುವ ಮೊದಲೇ, ಕ್ಯು 3/2 ಅಥವಾ 2 ಇರುವ ಪದರಗಳಲ್ಲಿ ನಿಯೋಕ್ಲಾಸಿಕಲ್ ಟಿಯರಿಂಗ್ ಮೋಡ್ ಎಂಬ ಅಸ್ಥಿರತೆಗಳು ಕಾಂತದ್ವೀಪಗಳನ್ನು, ಅಂದರೆ ಕಾಂತರೇಖೆಗಳು ಕಡಿದು ಮತ್ತೆ ಕೂಡಿ ಆದ ಮುಚ್ಚಿದ ಗುಳ್ಳೆಗಳನ್ನು, ಬೆಳೆಸಿಬಿಡುತ್ತವೆ. ಆದ್ದರಿಂದ ನಿಜವಾಗಿ ದಕ್ಕುವ ಒತ್ತಡ ಹಲವು ಸಲ ಸೂತ್ರಕ್ಕಿಂತ ಕಡಿಮೆ. ದ್ವೀಪದ ನಡುವಿಗೇ ಸೂಕ್ಷ್ಮತರಂಗ ಹಾಯಿಸಿ ಅಲ್ಲಿ ಕಳೆದುಹೋದ ಪ್ರವಾಹವನ್ನು ತುಂಬುವುದು ಇದಕ್ಕೆ ಮದ್ದು. ಐಟರ್‌ನಲ್ಲಿ ಆ ಕೆಲಸ 170 ಗಿಗಾಹರ್ಟ್ಸ್ ಜೈರೋಟ್ರಾನ್‌ಗಳದು.

ಎರಡನೆಯದು ಎಚ್-ಮೋಡ್. 1982ರಲ್ಲಿ ಜರ್ಮನಿಯ ಗಾರ್ಶಿಂಗ್‌ನ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಸ್ ವಾಗ್ನರ್ ಮತ್ತವರ ತಂಡ ಕಂಡ ಈ ಸ್ಥಿತಿಯಲ್ಲಿ ಅಂಚಿನ ಕ್ಷೋಭೆ ತಗ್ಗಿ, ಶಕ್ತಿ ಉಳಿಯುವ ಅವಧಿ ಸುಮಾರು ಇಮ್ಮಡಿಯಾಗುತ್ತದೆ. ಆದರೆ ಅಂಚಿನಲ್ಲಿ ಕಡಿದಾಗಿ ಏರಿದ ಒತ್ತಡವೂ ಅಲ್ಲಿಯ ಪ್ರವಾಹವೂ ಕೂಡಿ ಇಎಲ್‌ಎಂ ಎಂಬ ಸ್ಫೋಟಗಳನ್ನು ಮತ್ತೆ ಮತ್ತೆ ಎಬ್ಬಿಸುತ್ತವೆ. ಒಳಹರಿವು ಹೆಚ್ಚುವ ಸೂಚನೆ ಸಿಕ್ಕೊಡನೆ ಆಲಮಟ್ಟಿಯಿಂದ ನೀರನ್ನು ಮೊದಲೇ ಸ್ವಲ್ಪ ಸ್ವಲ್ಪವಾಗಿ ಬಿಡುವಂತೆ, ಇಲ್ಲಿಯೂ ಹೆಪ್ಪುಗಟ್ಟಿಸಿದ ಇಂಧನದ ಗುಳಿಗೆ ಹಾರಿಸಿ ಸಣ್ಣ ಸ್ಫೋಟಗಳನ್ನು ಬೇಕೆಂದೇ ಬೇಗ ಬೇಗ ಎಬ್ಬಿಸಬಹುದು. ಅಂಚಿನ ಕಾಂತಕ್ಷೇತ್ರವನ್ನು ತುಸು ಕದಡಿ ಅವನ್ನು ಪೂರ್ತಿ ಅಡಗಿಸುವ ದಾರಿಯನ್ನು ಸ್ಯಾನ್ ಡಿಯೇಗೋದ ಡಿಐಐಐ-ಡಿ ಟೋಕಮಾಕ್ ತೋರಿಸಿದೆ.

ಮರುಪ್ರಶ್ನೆ (ಬೆಳಗಾವಿ):

ಇಷ್ಟೆಲ್ಲ ತೊಡಕಿನ ಮೂಲ ಪ್ರವಾಹವೇ ಆದರೆ, ಅದಿಲ್ಲದೆ ಹೊರಗಿನ ಸುರುಳಿಗಳಿಂದಲೇ ಪ್ಲಾಸ್ಮಾವನ್ನು ಹಿಡಿದಿಡುವ ಸ್ಟೆಲರೇಟರ್ ಯಂತ್ರ ಲೇಸಲ್ಲವೇ?

ಉತ್ತರ 3 (ವಿಜಯಪುರ):

ಸ್ಥಿರತೆಯೊಂದನ್ನೇ ನೋಡಿದರೆ ನಾನು ಹೌದೆನ್ನುತ್ತೇನೆ. 2015ರ ಡಿಸೆಂಬರಿನಲ್ಲಿ ಮೊದಲ ಪ್ಲಾಸ್ಮಾ ಕಂಡ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ವೆಂಡೆಲ್‌ಸ್ಟೈನ್ 7-ಎಕ್ಸ್ ಸ್ಟೆಲರೇಟರ್‌ನಲ್ಲಿ ತಿರುಚನ್ನು ಹೊರಗಿನ ಸುರುಳಿಗಳೇ ಕೊಡುವುದರಿಂದ ಪ್ರವಾಹದ ಕುಸಿತದ ಭಯ ಬಹುಮಟ್ಟಿಗೆ ಇಲ್ಲ. ಅಲ್ಲಿ ಸಾಂದ್ರತೆಯ ಮಿತಿಯನ್ನು ಮುಖ್ಯವಾಗಿ ವಿಕಿರಣದ ನಷ್ಟ ಮತ್ತು ಕಾಯಿಸುವ ಶಕ್ತಿ ನಿರ್ಧರಿಸುತ್ತವೆ. ಬದಲಿಗೆ ಉಂಗುರದ ಸಮಮಿತಿ ಹೋಗುವುದರಿಂದ ಕಣಗಳು ಸೋರದಂತೆ ಕ್ಷೇತ್ರದ ಆಕಾರವನ್ನು ಬಹು ನಿಖರವಾಗಿ ಹೊಂದಿಸಬೇಕು. ಆ ಸುರುಳಿಗಳನ್ನು ತಯಾರಿಸುವುದು ನಿಜಕ್ಕೂ ಕಠಿಣ.

ಉತ್ತರ 4 (ಬಾಗಲಕೋಟೆ):

ವಿಚಾರಸಂಕಿರಣಕ್ಕೆ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಆದಿತ್ಯ ಟೋಕಮಾಕನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ದೊಡ್ಡ ತ್ರಿಜ್ಯ 75, ಸಣ್ಣದು 25 ಸೆಂಟಿಮೀಟರ್. ಅಂಚಿಗೆ ವಿದ್ಯುದ್ವಾರವೊಂದನ್ನು ತೂರಿಸಿ ವೋಲ್ಟೇಜ್ ಕೊಟ್ಟು ಕುಸಿತವನ್ನು ತಡೆಯುವ ಪ್ರಯೋಗ ಅಲ್ಲಿ ನಡೆದಿದೆ. ಕಾಂತಕ್ಷೇತ್ರದ ಏರಿಳಿತವನ್ನು ಅಳೆಯುವ ಮಿರ್ನೋವ್ ಸುರುಳಿಗಳ ಸಂಕೇತದಲ್ಲಿ ಕುಸಿತಕ್ಕೆ ಮುನ್ನ ಕಾಂತದ್ವೀಪ ಹೇಗೆ ಬೆಳೆಯುತ್ತದೆ ಎಂಬುದನ್ನು ಒಂದು ಚಿತ್ರದಲ್ಲಿ ತೋರಿಸಿದರೆ, ಸಹಪಾಠಿಗಳಿಗೆ ಸಮೀಕರಣಕ್ಕಿಂತ ಮೊದಲು ಅದೇ ಅರ್ಥವಾಗುತ್ತದೆ.