ಹಳೇ ಬ್ಯಾಚು ಹೊಸ ಬ್ಯಾಚು ಕೂಡಿಸಿದ್ರೆ ಲ್ಯಾಕ್ಟೋಬ್ಯಾಸಿಲಸ್ ಲೆಕ್ಕ ಹೊಂದ್ತಿಲ್ಲ

ಗೂಡುಹುಳ:
ಜೇನುಹುಳದ ಕರುಳಿನ ಬ್ಯಾಕ್ಟೀರಿಯಾದ 16ಎಸ್ (ಯಾವ ಬ್ಯಾಕ್ಟೀರಿಯಾ ಅಂತ ಗುರುತಿಸೋ ಜೀನ್) ಡೇಟಾ, ಎರಡು ಬ್ಯಾಚು, ಒಂದು 2018ರದ್ದು ಇನ್ನೊಂದು ಈಗಿನದು, ಎರಡಕ್ಕೂ ಅದೇ ವಿ4 (ಆ ಜೀನಿನ ಒಂದು ತುಂಡು) ಪ್ರೈಮರ್. ಟೇಬಲ್ ಸೇರಿಸಿದ್ರೆ ಹಳೇದ್ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ರಾಶಿ ರಾಶಿ, ಹೊಸದ್ರಲ್ಲಿ ಅದು ಅರ್ಧಕ್ಕೆ ಇಳಿದು ಬಾಂಬಿಲ್ಯಾಕ್ಟೋಬ್ಯಾಸಿಲಸ್, ಏಪಿಲ್ಯಾಕ್ಟೋಬ್ಯಾಸಿಲಸ್ ಅಂತ ಎರಡು ಸಾಲು ಎಲ್ಲಿಂದಲೋ ಬಂದು ಕೂತಿವೆ. ಹುಳದ ಹೊಟ್ಟೇಲಿ ಏನೋ ಆಗಿದೆ ಅಂತ ಖುಷಿಯಾಗಿ ಗ್ರಾಫೂ ಮಾಡಿಬಿಟ್ಟೆ.

ಬೇಸ್‌ಜೋಡಿ:
ಆ ಗ್ರಾಫ್ ಸದ್ಯಕ್ಕೆ ಯಾರಿಗೂ ತೋರಿಸ್ಬೇಡಿ. 2020ರಲ್ಲಿ ಜೀನೋಮ್ ನೋಡಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನೇ ಒಡೆದು 23 ಹೊಸ ಕುಲ ಮಾಡಿದ್ರು. ಜೇನುಹುಳದ ಲ್ಯಾಕ್ಟೋಬ್ಯಾಸಿಲಸ್ ಗುಂಪುಗಳಲ್ಲಿ ನಾವು ಫರ್ಮ್-4 ಅಂತಿದ್ವಲ್ಲ ಅದು ಬಾಂಬಿ ಆಯ್ತು, ಕುಂಕಿಯೈ ಅನ್ನೋ ಪ್ರಭೇದ ಹೋಗಿ ಏಪಿ ಸೇರ್ತು, ಫರ್ಮ್-5 ಮಾತ್ರ ಹಳೇ ಮನೇಲೇ ಉಳೀತು. ಫೈಂಡ್-ರಿಪ್ಲೇಸ್ ಮಾಡೋಕೆ ಮಾತ್ರ ಹೋಗ್ಬೇಡಿ, ಬರೀ ಕುಲದ ಹೆಸರಿಗೆ ನಿಂತಿರೋ ಹಳೇ ಸಾಲು ಮೂರರಲ್ಲಿ ಯಾವುದು ಅಂತ ಹೆಸರಿಂದ ಗೊತ್ತಾಗಲ್ಲ. ಎರಡೂ ಬ್ಯಾಚಿನ ಎಎಸ್‌ವಿ (ಡೇಟಾದಲ್ಲಿ ಸಿಕ್ಕ ಒಂದೊಂದು ಬೇರೆ ಸೀಕ್ವೆನ್ಸು) ಫಾಸ್ಟಾ ಫೈಲ್ ತಗೊಂಡು ಒಂದೇ ಡೇಟಾಬೇಸ್, ಒಂದೇ ವರ್ಶನ್‌ ಇಟ್ಕೊಂಡು ಮತ್ತೆ ಕ್ಲಾಸಿಫೈ ಮಾಡಿ. ಅದಕ್ಕೂ ಮುಂಚೆ ಉದ್ದ ನೋಡಿ, ಒಂದು ಬೇಸ್ ಹೆಚ್ಚುಕಮ್ಮಿ ಇದ್ರೂ ಒಂದೇ ಸೀಕ್ವೆನ್ಸು ಎರಡು ಎಎಸ್‌ವಿ ಆಗುತ್ತೆ.

ಗೂಡುಹುಳ:
ಹೌದು ಸರ್, ಹಳೇದು 253, ಹೊಸದು 250! ಬಾಲದ 3 ಬೇಸ್ ಕಟ್ ಮಾಡಿ ಓಡಿಸ್ದೆ, ಆ ಎರಡು ಸಾಲು ಹಳೇ ಬ್ಯಾಚಲ್ಲೂ ಬಂತು. ಇನ್ನೊಂದು ತಲೆನೋವು ಇದೆ, ಗಿಲಿಯಮೆಲ್ಲಾ ಅನ್ನೋ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾದ ಎರಡು ಐಸೊಲೇಟ್, 16ಎಸ್ 99% ಮೇಲೆ ಒಂದೇ, ಎಎನ್‌ಐ (ಎರಡು ಜೀನೋಮ್ ಎಷ್ಟು ಶೇಕಡಾ ಹೋಲುತ್ತೆ ಅನ್ನೋ ಲೆಕ್ಕ) ಹಾಕಿದ್ರೆ 88. ಅಸೆಂಬ್ಲಿ ಕೆಟ್ಟಿದ್ಯಾ?

ಅಗರ್‌ಪ್ಲೇಟ್:
ಚೆಕ್‌ಎಂ (ಜೀನೋಮ್ ಗುಣಮಟ್ಟ ನೋಡೋ ಟೂಲ್) ಹಾಕಿ ನೋಡಿ, ಕಂಟಾಮಿನೇಶನ್ ಇಲ್ಲ ಅಂದ್ರೆ ಅಸೆಂಬ್ಲಿನ ಬೈಬೇಡಿ, ಗಿಲಿಯಮೆಲ್ಲಾ ಇರೋದೇ ಹಾಗೆ. 16ಎಸ್ ಬದಲಾಗೋದು ಆಮೆ ವೇಗದಲ್ಲಿ, ಉಳಿದ ಜೀನೋಮ್ ಅಷ್ಟರಲ್ಲಿ ಎಷ್ಟೋ ದೂರ ಹೋಗಿರುತ್ತೆ. ಪ್ರಭೇದದ ಗೆರೆ 95-96, 88 ಅಂದ್ರೆ ಎರಡೂ ಬೇರೆ ಬೇರೆ. ಏಪಿಕೋಲಾ, ಏಪಿಸ್ ಅನ್ನೋ ಎರಡು ಗಿಲಿಯಮೆಲ್ಲಾ ಪ್ರಭೇದಗಳ ಟೈಪ್ ಸ್ಟ್ರೇನ್ (ಪ್ರಭೇದಕ್ಕೆ ಮಾದರಿಯಾಗಿಟ್ಟ ಸ್ಟ್ರೇನ್) ಜೊತೆಗೂ ಹೋಲಿಸಿ, ಯಾವುದಕ್ಕೂ 95 ಮುಟ್ಟಲಿಲ್ಲ ಅಂದ್ರೆ ಗಿಲಿಯಮೆಲ್ಲಾ ಎಸ್‌ಪಿ. (ಪ್ರಭೇದ ಇನ್ನೂ ಗೊತ್ತಿಲ್ಲ) ಅಂತ ಬರೆದು ಸ್ಟ್ರೇನ್ ನಂಬರ್ ಹಾಕಿ. ಹೊಸ ಹೆಸರು ಇಡೋ ಆಸೆ ಇದ್ರೆ ಜೀವಂತ ಕಲ್ಚರನ್ನ ಎರಡು ಬೇರೆ ದೇಶದ ಕಲೆಕ್ಷನ್‌ಗೆ ಕೊಡ್ಬೇಕಾಗುತ್ತೆ, ಗ್ಲಿಸರಾಲ್ ಸ್ಟಾಕ್ (ಫ್ರೀಜರ್‌ನಲ್ಲಿಟ್ಟ ಕಲ್ಚರ್) ಇದ್ಯಾ?

ಗೂಡುಹುಳ:
ಎರಡೂ ಇದೆ, ಆದ್ರೆ ವಯಲ್ ಮೇಲಿನ ಮಾರ್ಕರ್ ಅಳಿಸಿಹೋಗಿ ಯಾವುದು ಯಾವುದು ಅಂತಾನೇ ಗೊತ್ತಾಗ್ತಿಲ್ಲ. ವಿ4 ಮಾಡಿಸಿದ್ರೆ ಎರಡೂ ಒಂದೇ ತರ ಬರುತ್ತೆ ಅಲ್ವಾ...

ಅಗರ್‌ಪ್ಲೇಟ್:
ವಿ4 ಬೇಡ. ಜೀನೋಮ್ ಎರಡೂ ಕೈಯಲ್ಲೇ ಇದ್ಯಲ್ಲ, ಒಂದರಲ್ಲಿ ಮಾತ್ರ ಇರೋ ಜೀನ್ ಹುಡುಕಿ ಅದಕ್ಕೊಂದು ಪ್ರೈಮರ್ ಜೋಡಿ ಮಾಡ್ಸಿ, ಜೆಲ್‌ನಲ್ಲಿ ಬ್ಯಾಂಡ್ ಬಂದಿದ್ದು ಅದು, ಬರದೇ ಇದ್ದಿದ್ದು ಇನ್ನೊಂದು.