ಪದಚರ್ಚೆ: ಕಾಕ್‌ಟೇಲ್ ರೆಸಿಪಿಯಲ್ಲಿ "ಮಡಲ್" ಮಾಡೋದಕ್ಕೆ ಏನಂತೀರಿ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ,

ಬೇಸಿಗೇಲಿ ಮನೇಲೇ ಮಾಡ್ಕೊಳ್ಳೋ ಕಾಕ್‌ಟೇಲ್‌ಗಳ ಬಗ್ಗೆ ಒಂದು ಪುಟ್ಟ ಪುಸ್ತಿಕೆ ಅನುವಾದ ಮಾಡ್ತಿದೀನಿ, ನಾಳೆ ಬೆಳಗ್ಗೆ ಲೇಔಟ್‌ನವರ ಕೈಗೆ ಕೊಡ್ಬೇಕು, ಮೊಹಿತೋ ಹತ್ರ ಬಂದು ಸಿಕ್ಹಾಕ್ಕೊಂಡಿದೀನಿ. ಗ್ಲಾಸಿನ ತಳಕ್ಕೆ ಪುದೀನ, ಎರಡು ಟೀ ಸ್ಪೂನ್ ಸಕ್ಕರೆ, 20 ಎಂಎಲ್ ನಿಂಬೆರಸ ಹಾಕಿ ಮರದ ಕೋಲಿಂದ "ಮಡಲ್" ಮಾಡಿ, ಆಮೇಲೆ 45 ಎಂಎಲ್ ಬಿಳಿ ರಮ್, ಐಸು, ಮೇಲೆ ಸೋಡಾ. ಈ ಮಡಲ್‌ಗೆ ಏನು ಹಾಕ್ಲಿ? ಜಜ್ಜಿ ಅಂತ ಬರೆದ್ರೆ ಓದಿದೋರು ಶುಂಠಿ ಜಜ್ಜಿದ ಹಾಗೆ ಜಜ್ಜಿಬಿಡ್ತಾರೆ, ಎಲೆ ಚಿಂದಿಯಾಗಿ ಕಹಿ ಬಿಡತ್ತೆ, ಹಸಿರು ಚೂರು ಹಲ್ಲಿಗೆ ಸಿಗತ್ತೆ. ಪುದೀನದ ಘಮ ಇರೋದು ಎಲೆಯ ಮೇಲ್ಮೈಯಲ್ಲಿರೋ ಎಣ್ಣೆಯಲ್ಲಿ, ನಾಲ್ಕೈದು ಸಲ ಮೆತ್ತಗೆ ಒತ್ತಿ ತಿರುವಿದ್ರೆ ಸಾಕು. ಜೊತೆಗೆ ಶೇಕ್, ಸ್ಟರ್ ಎರಡಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು. ಸಿಂಪಲ್ ಸಿರಪ್‌ಗೂ ಒಂದು ಪದ.

----

ಕದಡು. ಇದರಲ್ಲಿ ಚರ್ಚೆಗೆ ಏನಿದೆ? ಮಡಲ್ ಬಂದಿರೋದೇ ಕೆಸರು ಅನ್ನೋ ಅರ್ಥದ ಮಡ್‌ನಿಂದ, ಹಿಂದಿನ ಡಚ್ಚಿನಲ್ಲಿ ನೀರನ್ನ ರಾಡಿ ಮಾಡೋದಕ್ಕೆ ಹೀಗಂತಿದ್ರು. ನಮ್ಮ ಕದಡು ಪದಕ್ಕೂ ಇದೇ ಅರ್ಥ, ತಿಳಿನೀರಿನ ತಳದ ರಾಡಿ ಮೇಲೆಬ್ಬಿಸೋದು. ಎರಡು ನುಡಿಗಳು ಒಂದೇ ತರ ಯೋಚಿಸಿವೆ. ಇಂಥ ಅಚ್ಚಗನ್ನಡ ಒರೆ ಕೈಯಲ್ಲೇ ಇರುವಾಗ ಅಂಗಲಾಚೋದ್ಯಾಕೆ.

----

> ಇದರಲ್ಲಿ ಚರ್ಚೆಗೆ ಏನಿದೆ?

ಬೇಕಾದಷ್ಟಿದೆ. ಕದಡೋಕೆ ಗ್ಲಾಸಲ್ಲಿ ನೀರಿರಬೇಕು ಸ್ವಾಮಿ, ಇಲ್ಲಿ ಸೋಡಾ ಬೀಳೋದು ಕೊನೆಗೆ. ವ್ಯುತ್ಪತ್ತಿ ಹಿಡ್ಕೊಂಡೇ ಅನುವಾದ ಮಾಡೋದಾದ್ರೆ ಪುಸ್ತಿಕೆಯ ಹೆಸರನ್ನ ಹುಂಜದ ಬಾಲ ಅಂತಲೇ ಇಟ್ಬಿಡಿ. ಕಿವುಚಿ ಅಂತ ಬರೀರಿ.

----

ಕಿವುಚೋದು ಕೈಯಲ್ಲಿ. ಕೋಲಲ್ಲಿ ಯಾರೂ ಕಿವುಚಲ್ಲ. ಅದುಮಿ ಅಂದ್ರಾಯ್ತು, ಮೇಲಿಂದ ಕೆಳಕ್ಕೆ ಒತ್ತೋದು ಅದರಲ್ಲೇ ಇದೆ, ಚೂರು ಮಾಡೋದು ಅದರಲ್ಲಿಲ್ಲ.

ಶೇಕ್‌ಗೆ ಕುಲುಕು, ಸ್ಟರ್‌ಗೆ ಕಲಕು. ಬೇರೆ ಹುಡುಕಬೇಡಿ. ಹಣ್ಣಿನ ರಸವೋ ಮೊಟ್ಟೆಯ ಬಿಳಿಯೋ ಇದ್ರೆ ಕುಲುಕಬೇಕು, ಗಾಳಿ ಸೇರಿ ನೊರೆ ಬರತ್ತೆ, ಮಸುಕಾದ್ರೂ ಪರವಾಗಿಲ್ಲ. ಜಿನ್ನು ವರ್ಮೂತ್ ತರ ಬರೀ ಮದ್ಯಗಳೇ ಇದ್ರೆ ಕಲಕಬೇಕು, ತಿಳಿಯಾಗಿಯೇ ಉಳಿಯತ್ತೆ. "ಷೇಕರ್ ಹೊರಗೆ ಮಂಜು ಕಟ್ಟೋ ತನಕ ಜೋರಾಗಿ ಕುಲುಕಿ", ಎಷ್ಟು ಚೆನ್ನಾಗಿ ಕೂರತ್ತೆ ನೋಡಿ.

----

ಎರಡಕ್ಕೂ ಇರೋ ವ್ಯತ್ಯಾಸ ಬರೀ ಎರಡು ಕೊಂಬು. ಡಿಟಿಪಿಯವರು ಅವನ್ನ ನುಂಗಿದ್ರೆ ಮುಗೀತು ಕಥೆ. ಪ್ರೂಫ್ ನೀವೇ ನೋಡಿ.

ಸಿರಪ್‌ಗೆ ಮಾತ್ರ ಪಾಕ ಅನ್ನಬೇಡಿ. ಪಾಕ ಅಂದ ತಕ್ಷಣ ಜನ ಒಲೆ ಮೇಲಿಟ್ಟು ಎಳೆ ಬರೋ ತನಕ ಕುದಿಸ್ತಾರೆ. ಸಿಂಪಲ್ ಸಿರಪ್‌ಗೆ ಎಳೆಗಿಳೆ ಏನೂ ಬೇಡ, ಸಕ್ಕರೆ ನೀರು ಸಮಸಮ ಹಾಕಿ ಕರಗಿಸಿ ಆರಿಸಿದ್ರೆ ಆಯ್ತು. ತಣ್ಣಗಿನ ಡ್ರಿಂಕಲ್ಲಿ ಸಕ್ಕರೆ ಹರಳು ಬೇಗ ಕರಗಲ್ಲ ಅಂತ ತಾನೇ ಅದನ್ನ ಮಾಡೋದು.

----

ಪಾಕವೂ ಸಂಸ್ಕೃತ, ಸಿರಪ್ಪೂ ಹೊರಗಿಂದು. ಸೀನೀರು ಅನ್ನಿ. ಅದಿರ್ಲಿ, ಕಾಕ್‌ಟೇಲ್ ಅನ್ನೋದನ್ನ ಯಾರೂ ಪ್ರಶ್ನೆನೇ ಮಾಡ್ತಿಲ್ವಲ್ಲ? ಬೆರಕೆಹೆಂಡ ಅನ್ನೋಕೆ ಏನು ನಾಚಿಕೆ?

----

ಬೆರಕೆಹೆಂಡ ಅಂತ ಮುಖಪುಟದಲ್ಲಿದ್ರೆ ಒಳಗೆ ಆಂಬುಲೆನ್ಸ್ ನಂಬರೂ ಹಾಕ್ಬೇಕಾಗತ್ತೆ. ಕಲಬೆರಕೆ ಅನ್ನೋ ವಾಸನೆ ಆ ಪದಕ್ಕೆ ಅಂಟಿದೆ, ತೊಳೆದ್ರೂ ಹೋಗಲ್ಲ. ಮಿಶ್ರಮದ್ಯ ಅಂದ್ರೆ ಅಬಕಾರಿ ಇಲಾಖೆ ಸುತ್ತೋಲೆ.

ಮತ್ತೆ ಈ ಹೊರಗಿಂದು ಒಳಗಿಂದು ಅನ್ನೋ ಹಟ ಬೇರೆ. ಸಿರಪ್, ಶರಬತ್ತು, ಶರಾಬು, ಇಟಲಿ ಕಡೆಯಿಂದ ಬಂದ ಸಾರ್ಬೆ ಅನ್ನೋ ಐಸ್ ತಿನಿಸು, ಎಲ್ಲಾ ಕುಡಿಯೋದು ಅನ್ನೋ ಒಂದೇ ಅರಬ್ಬಿ ಧಾತುವಿನ ಮಕ್ಕಳು. ಜೂಲೆಪ್ ಅಂತ ಪುದೀನ ಹಾಕಿ ಮಾಡ್ತಾರಲ್ಲ, ಅದು ಪರ್ಷಿಯನ್ನಿನ ಗುಲಾಬ್, ಅಂದ್ರೆ ಪನ್ನೀರು, ಅರಬ್ಬಿ ದಾರಿ ಹಿಡಿದು ಯೂರೋಪ್ ಸುತ್ತಿದ್ದು. ಪುದೀನ ಅನ್ನೋ ಪದವೂ ಪರ್ಷಿಯನ್ನೇ, ಅದನ್ನೂ ಗ್ಲಾಸಿಂದ ತೆಗೆದು ಬಿಸಾಕ್ತೀರಾ? 1806ರಲ್ಲೇ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆ ಕಾಕ್‌ಟೇಲ್ ಅಂದ್ರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ (ಹನಿ ಲೆಕ್ಕದಲ್ಲಿ ಹಾಕೋ ಕಹಿ ಸಾರ) ಅಂತ ಅರ್ಥ ಕೊಟ್ಟಿತ್ತು, ಆ ಹೆಸರು ಯಾಕೆ ಬಂತು ಅನ್ನೋದು ಇಂಗ್ಲಿಷಿನವರಿಗೇ ಇವತ್ತಿಗೂ ಬಗೆಹರಿದಿಲ್ಲ. ಅವರು ಆರಾಮಾಗಿ ಕುಡೀತಿದಾರೆ.

----

> ಒಂದೇ ಅರಬ್ಬಿ ಧಾತುವಿನ ಮಕ್ಕಳು

ಪಂಚ್ ಅನ್ನೋ ಡ್ರಿಂಕನ್ನ ಬಿಟ್ರಿ. ಮದ್ಯ, ನಿಂಬೆ, ಸಕ್ಕರೆ, ನೀರು, ಮಸಾಲೆ, ಐದು ಸೇರಿದ್ದಕ್ಕೆ ಪಂಚ. ಅದು ನಮ್ಮದು.

----

"ಪಂಚ"ದ ಕಥೆಯನ್ನ ಎಲ್ಲರೂ ಒಪ್ಪಲ್ಲ. ಮತ್ತೆ ಪಂಚ ಸಂಸ್ಕೃತ, ಈಗಷ್ಟೇ ಪಾಕ ಬೇಡ ಅಂದೋರು ಇದನ್ನ ಹೇಗೆ ನುಂಗ್ತಾರೋ. ಐದು ಅನ್ನಿ ಹಾಗಾದ್ರೆ, ಒಂದು ಲೋಟ ಐದು ಕೊಡಿ.

----

ಎಲ್ಲರಿಗೂ ಥ್ಯಾಂಕ್ಸ್, ಟೈಮಿಲ್ಲ, ಹೀಗೆ ಕಳಿಸ್ತಿದೀನಿ: "ಪುದೀನ ಎಲೆಗಳನ್ನು ಸಕ್ಕರೆ, ನಿಂಬೆರಸದ ಜೊತೆ ಮೆತ್ತಗೆ ಅದುಮಿ, ಎಲೆ ಹರಿಯಬಾರದು. ರಮ್ ಮತ್ತು ಐಸ್ ಹಾಕಿ, ಮೇಲೆ ಸೋಡಾ ಸುರಿದು ಒಮ್ಮೆ ನಿಧಾನವಾಗಿ ಕಲಕಿ." ಟಾಮ್ ಕಾಲಿನ್ಸ್ ಅನ್ನೋ ಇನ್ನೊಂದು ಕಾಕ್‌ಟೇಲ್‌ಗೆ ಸಕ್ಕರೆ ಸಿರಪ್ ಅಂತಲೇ ಬಿಟ್ಟಿದೀನಿ. ಕಾಕ್‌ಟೇಲ್ ಕಾಕ್‌ಟೇಲಾಗೇ ಇರತ್ತೆ.

----

ಕಾಕ್ಟೇಲ್. ಕಕಾರಕ್ಕೆ ಟ ಒತ್ತು ಕೊಟ್ಟು ಬರೀಬೇಕು, ನಡುವೆ ಅರ್ಧ ಕ ನಿಲ್ಲಿಸೋದು ಯಾವ ಕಾಗುಣಿತ? ಡಾಕ್ಟರ್‌ನ ಹೇಗೆ ಬರೀತೀರಿ?

----

ಡಾಕ್ಟರ್ ಒಂದು ಪದ, ಇದು ಎರಡು ಸೇರಿದ್ದು. ಈ ಜಗಳ ಬೇಕಿದ್ರೆ ಸಬ್ಜೆಕ್ಟ್ ಲೈನ್ ಬದಲಾಯಿಸಿ ಬೇರೆ ಶುರು ಮಾಡಿ.